ಲಾಭ ಇತ್ತು, ದುಡ್ಡು ಇರಲಿಲ್ಲ: ಜಗಳೂರು ರಸ್ತೆಯ ಒಂದು ಸೊಸೈಟಿಯ ಕಥೆ

2024ರ ಫೆಬ್ರವರಿಯ ಒಂದು ಸೋಮವಾರ. ನಮ್ಮೂರ ಸೊಸೈಟಿಯ ಕೌಂಟರ್ ಮುಂದೆ ಒಬ್ಬ ಅಜ್ಜಿ ಕೂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ನಾಲ್ಕು ಮಡಿಕೆಯ ಠೇವಣಿ ಬಾಂಡು. 1,20,000 ರೂಪಾಯಿ. ಅವಧಿ ಮುಗಿದು ಹನ್ನೆರಡು ದಿನ ಆಗಿತ್ತು. ಮೊಮ್ಮಗಳ ಮದುವೆ ಗೊತ್ತಾಗಿತ್ತು.

"ಮುಂದಿನ ಸೋಮವಾರ ಬಾ ಅಜ್ಜಿ" ಎಂದರು ಕಾರ್ಯದರ್ಶಿ.

"ಹೋದ ಸೋಮವಾರನೂ ಹಿಂಗೇ ಅಂದ್ಯಲ್ಲೋ ತಮ್ಮಾ. ನಿನ್ನ ಸೋಮವಾರ ಯಾವಾಗ ಬರ್ತತಿ?"

ನಾನು ಪಕ್ಕದ ಬೆಂಚಿನಲ್ಲಿ ಕೂತಿದ್ದೆ. ನಿರ್ದೇಶಕನಾಗಿ ಆಯ್ಕೆಯಾಗಿ ನಾಲ್ಕು ತಿಂಗಳಾಗಿತ್ತು ಅಷ್ಟೆ. ದಾವಣಗೆರೆಯಲ್ಲಿ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಊರಲ್ಲಿ ನಾಲ್ಕು ಎಕರೆ ಇದೆ, ಆ ಕಾರಣಕ್ಕೆ ಸದಸ್ಯ. ಐದು ತಿಂಗಳ ಹಿಂದೆ ಇದೇ ಸೊಸೈಟಿಯ ಮಹಾಸಭೆಯಲ್ಲಿ 9 ಲಕ್ಷ ಲಾಭ ಎಂದು ಓದಿ ಹೇಳಿದ್ದರು. ಷೇರಿನ ಮೇಲೆ ಶೇ. 10 ಡಿವಿಡೆಂಡ್ (ಲಾಭಾಂಶ) ಕೊಟ್ಟಿದ್ದರು. ಪ್ರತಿ ಸದಸ್ಯನಿಗೂ ಒಂದು ಸ್ಟೀಲ್ ಡಬ್ಬಿ. ನಾನೂ ಒಂದು ತಂದಿದ್ದೆ. ಅಂಥ ಸೊಸೈಟಿಯಲ್ಲಿ ಒಂದು ಅಜ್ಜಿಗೆ ಕೊಡೋಕೆ 1,20,000 ಇಲ್ಲ ಅಂದ್ರೆ ಹೇಗೆ?

ಆ ಪ್ರಶ್ನೆಗೆ ಉತ್ತರ ಹುಡುಕಿದ್ದು, ಆಮೇಲೆ ಒಂದೂವರೆ ವರ್ಷ ಏನೇನು ಮಾಡಿದೆವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಸೊಸೈಟಿಯ ಹೆಸರು ಹೇಳುವುದಿಲ್ಲ. ಅಂಕಿಗಳನ್ನು ದುಂಡು ಮಾಡಿದ್ದೇನೆ, ಯಾರ ಗುರುತೂ ಹತ್ತಬಾರದು ಅಂತ. ಬೇರೆ ಊರುಗಳ ನಿರ್ದೇಶಕರಿಗೆ ಇದರಲ್ಲಿ ತಮ್ಮ ಸೊಸೈಟಿಯೇ ಕಂಡರೆ ನನಗೆ ಆಶ್ಚರ್ಯ ಇಲ್ಲ.

ಎಂಥ ಸೊಸೈಟಿ

ಕಾಗದದ ಮೇಲೆ ಇದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ನಡೆಯುವಂಥದ್ದು. ಹಳಬರು ಈಗಲೂ ವ್ಯವಸಾಯ ಸೇವಾ ಸಹಕಾರ ಸಂಘ ನಿಯಮಿತ ಅನ್ನೋದನ್ನು ಚಿಕ್ಕದಾಗಿಸಿ ವಿಎಸ್‌ಎಸ್‌ಎನ್ ಅಂತಾರೆ, ಉಳಿದವರು ಸೊಸೈಟಿ ಅಂತಾರೆ, ಕೆಲವರು ಬ್ಯಾಂಕ್ ಅಂತಲೂ ಅಂತಾರೆ. ಈ ಕೊನೆಯ ಹೆಸರಿನಲ್ಲೇ ಒಂದು ಅಪಾಯ ಇದೆ, ಮುಂದೆ ಹೇಳ್ತೀನಿ. ಮೂರು ಊರು ಸೇರಿ ಸಾವಿರದ ಚಿಲ್ಲರೆ ಸದಸ್ಯರು. ಮಳೆಯಾಶ್ರಿತ ಜಮೀನು, ಮೆಕ್ಕೆಜೋಳವೇ ದೊರೆ. ಬೋರ್‌ವೆಲ್ ಇದ್ದವರು ಅಡಿಕೆ ಹಾಕಿದ್ದಾರೆ, ಅವರು ಕಡಿಮೆ. ಬೆಳೆಸಾಲ, ಗೊಬ್ಬರ, ನ್ಯಾಯಬೆಲೆ ಅಂಗಡಿ, ಬಂಗಾರದ ಸಾಲ, ಪಿಗ್ಮಿ (ದಿನದಿನ ಕಟ್ಟುವ ಸಣ್ಣ ಉಳಿತಾಯ), ಇಷ್ಟು ವ್ಯವಹಾರ. ಗೋಡೆ ಮೇಲೆ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಫೋಟೋ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಮೊದಲ ಸಹಕಾರ ಸಂಘ ಕಟ್ಟಿದವರು. ಫೋಟೋದ ಹಾರ ಮಾತ್ರ ವರ್ಷಕ್ಕೊಮ್ಮೆ, ಮಹಾಸಭೆ ದಿನ ಬದಲಾಗುತ್ತದೆ.

ಅಜ್ಜಿ ಎದ್ದು ಹೋದ ಮೇಲೆ ನಾನು ಕಾರ್ಯದರ್ಶಿಯ ಹತ್ತಿರ ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಕೇಳಿದೆ. ಒಂದು ನೋಟ್‌ಬುಕ್ ತಗೊಂಡು ಎಡಕ್ಕೆ ದುಡ್ಡು ಎಲ್ಲಿಂದ ಬಂತು, ಬಲಕ್ಕೆ ಎಲ್ಲಿಗೆ ಹೋಯ್ತು ಅಂತ ಬರೆದೆವು.

ಬಂದದ್ದು: ಷೇರು 62 ಲಕ್ಷ. ಆಪದ್ಧನ ಮತ್ತು ಇತರ ನಿಧಿ 38 ಲಕ್ಷ. ಸದಸ್ಯರ ಠೇವಣಿ 2 ಕೋಟಿ 25 ಲಕ್ಷ. ನಮ್ಮಂಥ ಸಂಘಗಳಿಗೆ ಸಾಲ ಕೊಡುವ ಡಿಸಿಸಿ (ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕಿನಿಂದ ತಂದ ಬೆಳೆಸಾಲ 4 ಕೋಟಿ 45 ಲಕ್ಷ. ಒಟ್ಟು 7 ಕೋಟಿ 70 ಲಕ್ಷ.

ಹೋದದ್ದು: ರೈತರ ಹತ್ತಿರ ಬೆಳೆಸಾಲ 4 ಕೋಟಿ 80 ಲಕ್ಷ. ಸೊಸೈಟಿಯ ಸ್ವಂತ ದುಡ್ಡಿನ ಸಾಲ 1 ಕೋಟಿ 55 ಲಕ್ಷ, ಇದರಲ್ಲಿ ಬಂಗಾರದ ಮೇಲೆ 40, ಬರೀ ಇನ್ನೊಬ್ಬರ ಜಾಮೀನಿನ ಮೇಲೆ ಕೊಟ್ಟ ಜಾಮೀನು ಸಾಲ 75, ವಾಹನ ಮತ್ತಿತರ 40. ಕಟ್ಟಡ 70 ಲಕ್ಷ. ಗೊಬ್ಬರ, ಅದರ ಉದ್ರಿ ಸೇರಿ 22 ಲಕ್ಷ. ಡಿಸಿಸಿ ಬ್ಯಾಂಕಿನಲ್ಲಿ ಷೇರು 8 ಲಕ್ಷ, ಠೇವಣಿ 20 ಲಕ್ಷ. ಕೈಯಲ್ಲಿ, ಚಾಲ್ತಿ ಖಾತೆಯಲ್ಲಿ 15 ಲಕ್ಷ.

ಎರಡೂ ಕಡೆ ಸರಿಯಾಗಿ ಕೂಡುತ್ತದೆ. ಒಂದು ಪೈಸೆ ಕಳವಾಗಿಲ್ಲ. ಇದನ್ನು ಒತ್ತಿ ಹೇಳ್ತೀನಿ, ಯಾಕಂದ್ರೆ ಸೊಸೈಟಿ ಸೋತರೆ ಊರು ಮೊದಲು ಅನ್ನೋದು "ನುಂಗಿದ್ರು" ಅಂತ. ಇಲ್ಲಿ ಯಾರೂ ನುಂಗಿರಲಿಲ್ಲ. ದುಡ್ಡು ಇತ್ತು, ಆದರೆ ಕರೆದಾಗ ಬರುವ ಜಾಗದಲ್ಲಿ ಇರಲಿಲ್ಲ.

ಆಮೇಲೆ ಇನ್ನೊಂದು ಹಾಳೆ ಹಾಕಿದೆವು. ಯಾವ ತಿಂಗಳು ಎಷ್ಟು ಬಾಂಡು ಮಾಗುತ್ತವೆ, ಅಂದರೆ ಅವಧಿ ಮುಗಿಯುತ್ತವೆ? ಈ ಲೆಕ್ಕವನ್ನು ಸೊಸೈಟಿಯಲ್ಲಿ ಯಾರೂ ಯಾವತ್ತೂ ಹಾಕಿರಲಿಲ್ಲ. ಒಂದು ವರ್ಷದ ಬಾಂಡುಗಳೇ 1 ಕೋಟಿ 60 ಲಕ್ಷ. ಅದರಲ್ಲಿ 1 ಕೋಟಿ 5 ಲಕ್ಷ ಜನವರಿಯಿಂದ ಮೇ ಒಳಗೆ ವಾಪಸ್ ಕೊಡಬೇಕಾಗಿ ಬರುತ್ತದೆ. ಕಾರಣ ಸರಳ. ನವೆಂಬರ್, ಡಿಸೆಂಬರಿನಲ್ಲಿ ಜನ ಮೆಕ್ಕೆಜೋಳ ಮಾರುತ್ತಾರೆ. ಜನವರಿಯಿಂದ ದುಡ್ಡು ತಂದು ಇಡುತ್ತಾರೆ. ಮುಂದಿನ ವರ್ಷ ಅದೇ ಹೊತ್ತಿಗೆ ತೆಗೆಯುತ್ತಾರೆ, ಅಥವಾ ಬಡ್ಡಿ ಮಾತ್ರ ತಗೊಂಡು ಮತ್ತೆ ಇಡುತ್ತಾರೆ. ಹಳೆಯವರು ತೆಗೆಯುವಾಗ ಹೊಸಬರು ತುಂಬುತ್ತಾರೆ. ಹೀಗೇ ಹದಿನೈದು ವರ್ಷ ನಡೆದಿತ್ತು.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಿದರು. ನಮ್ಮ ಕಡೆ ಮೆಕ್ಕೆಜೋಳ ಮೊಣಕಾಲು ಎತ್ತರಕ್ಕೇ ಒಣಗಿತು, ಎಷ್ಟೋ ಜನ ಕೊಯ್ದು ದನಕ್ಕೆ ಹಾಕಿದರು. ಜನವರಿಯಲ್ಲಿ ಇಡೋಕೆ ಯಾರ ಹತ್ತಿರವೂ ದುಡ್ಡಿಲ್ಲ. ಇಟ್ಟಿದ್ದವರಿಗೆಲ್ಲ ದುಡ್ಡು ಬೇಕು. ಸಾಲ ಕಟ್ಟಬೇಕಾದವರಿಗೆ ಕಟ್ಟೋಕೆ ಆಗುತ್ತಿಲ್ಲ.

ಪಟ್ಟಣದ ಬ್ಯಾಂಕಿಗೆ ಈ ಕಷ್ಟ ಇಲ್ಲ. ಒಬ್ಬ ಠೇವಣಿದಾರ ಬಟ್ಟೆ ಅಂಗಡಿಯವನು, ಇನ್ನೊಬ್ಬ ಮೇಷ್ಟ್ರು, ಸಾಲಗಾರ ಇನ್ಯಾರೋ. ನಮ್ಮಲ್ಲಿ ಸಾಲ ತಗೊಂಡವರೂ ಠೇವಣಿ ಇಟ್ಟವರೂ ಒಂದೇ ಮೋಡ ನೋಡುವವರು. ಒಂದೇ ಮನೆಯಲ್ಲಿ ಗಂಡನ ಹೆಸರಲ್ಲಿ ಸಾಲ, ಹೆಂಡತಿಯ ಹೆಸರಲ್ಲಿ ಬಾಂಡು. ಗಂಡ ಕಟ್ಟಲ್ಲ, ಹೆಂಡತಿ ಬಿಡಿಸಿಕೊಳ್ಳೋಕೆ ಬರ್ತಾಳೆ. ಇದರಲ್ಲಿ ತಪ್ಪೇನೂ ಇಲ್ಲ, ಇಬ್ಬರೂ ಅವರವರ ಮಟ್ಟಿಗೆ ಸರಿ.

ಮೂರು ತೂತು

ಹಾಗಂತ ಎಲ್ಲವನ್ನೂ ಮಳೆಯ ತಲೆಗೆ ಕಟ್ಟೋದು ನ್ಯಾಯ ಅಲ್ಲ. ಬರ ಬರುವ ಮೊದಲೇ ತೂತುಗಳಿದ್ದವು.

ಒಂದು, ಕಟ್ಟಡ. 2021ರಲ್ಲಿ ರಸ್ತೆ ಬದಿಗೆ ಆರು ಮಳಿಗೆ, ಮೇಲೊಂದು ಸಭಾಭವನ ಕಟ್ಟಿದರು. 70 ಲಕ್ಷ. ತಿಂಗಳಿಗೆ 30,000 ಬಾಡಿಗೆ ಬರುತ್ತೆ ಅಂತ ಠರಾವಿನಲ್ಲಿ ಬರೆದಿದೆ. ಬರುತ್ತಿದ್ದದ್ದು 11,000. ಆರರಲ್ಲಿ ಎರಡು ಮಳಿಗೆ ತುಂಬಿದ್ದವು, ಒಂದು ಕ್ಷೌರದ ಅಂಗಡಿ, ಇನ್ನೊಂದು ಮೊಬೈಲ್ ರಿಪೇರಿ. ಕಟ್ಟಿದ್ದು ಯಾವ ದುಡ್ಡಿನಲ್ಲಿ? ಷೇರು, ನಿಧಿಗಳ ಒಂದು ಭಾಗ, ಉಳಿದದ್ದು ಒಂದು ವರ್ಷದ ಠೇವಣಿ. ಕಾಯ್ದೆ ಪ್ರಕಾರ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 25ನ್ನು ಆಪದ್ಧನಕ್ಕೆ ಹಾಕಬೇಕು. ಹಾಕಿದ್ದರು. ವರ್ಷಾವರ್ಷ ಹಾಕಿದ್ದರು. ಆಪತ್ತಿಗೆ ಅಂತ ಎತ್ತಿಟ್ಟ ದುಡ್ಡು ಸಿಮೆಂಟಿನೊಳಗೆ ಹೋಗಿ ಕೂತಿತ್ತು. ಆಪತ್ತು ಬಂದಾಗ ಗೋಡೆ ಒಡೆದು ಕೊಡೋಕೆ ಆಗುತ್ತಾ?

ಎರಡು, ಬೆಳೆಸಾಲದ ಅಂತರ. ರೈತರು ನಮಗೆ 4 ಕೋಟಿ 80 ಲಕ್ಷ ಕೊಡಬೇಕು, ನಾವು ಡಿಸಿಸಿ ಬ್ಯಾಂಕಿಗೆ 4 ಕೋಟಿ 45 ಲಕ್ಷ. ನಡುವಿನ 35 ಲಕ್ಷ ಎಲ್ಲಿಂದ ಬಂತು? ಸುಸ್ತಿಯಾದವರ, ಅಂದರೆ ಗಡುವಿಗೆ ಸಾಲ ಕಟ್ಟದವರ ಕಂತನ್ನು ಸೊಸೈಟಿಯೇ ಠೇವಣಿ ದುಡ್ಡಿನಿಂದ ಮೇಲಕ್ಕೆ ಕಟ್ಟಿತ್ತು. ಕಟ್ಟದೇ ಇದ್ದರೆ ಮುಂದಿನ ಹಂಗಾಮಿಗೆ ಸೊಸೈಟಿಗೇ ಸಾಲ ನಿಲ್ಲುತ್ತೆ, ಸರಿಯಾಗಿ ಕಟ್ಟಿದವರಿಗೂ ಸಿಗಲ್ಲ. ಹಾಗಾಗಿ ಕಟ್ಟಿದ್ದು ಒಳ್ಳೆಯ ಉದ್ದೇಶಕ್ಕೇ. ಆದರೆ ಅಜ್ಜಿಯ ಬಾಂಡಿನ ದುಡ್ಡಲ್ಲಿ ಯಾರದ್ದೋ ಸುಸ್ತಿ ತೀರಿಸಿದ್ದೀವಿ ಅನ್ನೋದು ಅಜ್ಜಿಗೆ ಗೊತ್ತಿರಲಿಲ್ಲ. ಆಡಳಿತ ಮಂಡಳಿಯಲ್ಲೂ ಅರ್ಧ ಜನಕ್ಕೆ ಗೊತ್ತಿರಲಿಲ್ಲ.

ಸುಸ್ತಿಗೆ ಇನ್ನೊಂದು ಕಾರಣ ಮನ್ನಾದ ಆಸೆ. 2017ರಲ್ಲಿ ಸಹಕಾರ ಸಂಘಗಳ ಬೆಳೆಸಾಲದಲ್ಲಿ 50,000 ರೂಪಾಯಿವರೆಗೆ ಮನ್ನಾ ಆಯಿತು, 2018ರಲ್ಲಿ 1 ಲಕ್ಷದವರೆಗೆ. ಬರ ಬಂದ ಕೂಡಲೇ ಕಟ್ಟೆ ಮೇಲೆ ಮಾತು ಶುರು: "ಈ ಸಲನೂ ಮನ್ನಾ ಆಗ್ತತಂತೆ, ಈಗ ಕಟ್ಟೋನು ದಡ್ಡ." ಕಟ್ಟಿದವನಿಗೆ ದಡ್ಡ ಅನಿಸುವ ಹಾಗೆ ಎರಡು ಸಲ ಆಗಿದೆಯಲ್ಲ, ಅವರನ್ನು ಬೈಯೋದು ಹೇಗೆ?

ಮೂರು, ಜಾಮೀನು ಸಾಲ. 75 ಲಕ್ಷದಲ್ಲಿ 50 ಲಕ್ಷ ಸುಸ್ತಿ. ಶೇ. 14 ಬಡ್ಡಿ. ಇಲ್ಲೇ ಆ 9 ಲಕ್ಷ ಲಾಭದ ಗುಟ್ಟು ಇದ್ದದ್ದು. ಸುಸ್ತಿ ಸಾಲಗಳ ಮೇಲೆ ಬರಬೇಕಾದ ಬಡ್ಡಿ 11 ಲಕ್ಷವನ್ನು ಬಂದೇ ಬಿಟ್ಟಿದೆ ಅನ್ನುವ ಹಾಗೆ ಆದಾಯಕ್ಕೆ ಸೇರಿಸಿದ್ದರು. ಅದನ್ನು ತೆಗೆದರೆ 9 ಲಕ್ಷ ಲಾಭ ಅಲ್ಲ, 2 ಲಕ್ಷ ನಷ್ಟ. ಬಾರದ ಬಡ್ಡಿಯ ಲೆಕ್ಕದ ಮೇಲೆ 6 ಲಕ್ಷ 20 ಸಾವಿರ ಡಿವಿಡೆಂಡನ್ನು ನಗದಾಗಿ ಹಂಚಿದ್ದರು. ಆಡಿಟ್ ವರದಿಯಲ್ಲಿ ಈ ಬಗ್ಗೆ ಮೂರು ಸಾಲು ಬರೆದಿತ್ತು. ಮಹಾಸಭೆಯಲ್ಲಿ ವರದಿಯನ್ನು "ಓದಿದೆ ಎಂದು ಭಾವಿಸಲಾಗಿದೆ" ಅಂತ ಮುಗಿಸಿ ಊಟಕ್ಕೆ ಹೋಗಿದ್ದೆವು. ಹೋಗಿದ್ದೆವು ಅಂತಲೇ ಬರೆಯಬೇಕು, ಲೆಕ್ಕ ಬರೆಯೋ ನಾನೂ ಅಲ್ಲಿದ್ದೆ. ಪಾಯಸ ಚೆನ್ನಾಗಿತ್ತು.

ಮಾರ್ಚ್ ಕೊನೆಯ ವಾರ

ನಮ್ಮ ಸೊಸೈಟಿ ಅರ್ಥ ಆಗಬೇಕಾದರೆ ಮಾರ್ಚ್ ಕೊನೆಯ ವಾರ ಬಂದು ಕೂರಬೇಕು. ಬೆಳೆಸಾಲಕ್ಕೆ ಬಡ್ಡಿ ಇಲ್ಲ. 2023-24ರಿಂದ ಆ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿದೆ. ಆದರೆ ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಸೊನ್ನೆ ಬಡ್ಡಿ. ಗಡುವು ದಾಟಿದರೆ ಬಡ್ಡಿ ಬೀಳುತ್ತದೆ.

ಆ ವಾರ ಸೊಸೈಟಿಯ ಬೇವಿನಮರದ ಕೆಳಗೆ ಒಬ್ಬರು ಬೈಕ್ ನಿಲ್ಲಿಸಿಕೊಂಡು ಕೂತಿರುತ್ತಾರೆ. ಪಕ್ಕದ ಊರಿನವರು. ತೊಡೆ ಮೇಲೆ ರೆಕ್ಸಿನ್ ಬ್ಯಾಗು. ರೈತ ಬರುತ್ತಾನೆ, ಅವರ ಹತ್ತಿರ 1 ಲಕ್ಷ ತಗೊಳ್ಳುತ್ತಾನೆ, ಒಳಗೆ ಬಂದು ಸಾಲ ಕಟ್ಟುತ್ತಾನೆ. ನಾಲ್ಕೈದು ದಿನಕ್ಕೆ ಹೊಸ ಸಾಲ ಮಂಜೂರಾಗಿ ಖಾತೆಗೆ ಬೀಳುತ್ತದೆ. ತೆಗೆದು ಅವರಿಗೆ ವಾಪಸ್ ಕೊಡುತ್ತಾನೆ, ಜೊತೆಗೆ ನೂರಕ್ಕೆ ಎರಡು. ಅಂದರೆ ಸೊನ್ನೆ ಬಡ್ಡಿಯ ಸಾಲಕ್ಕೆ 2,000 ರೂಪಾಯಿ ಬಡ್ಡಿ, ಅದೂ ನಾಲ್ಕೈದು ದಿನಕ್ಕೆ. ಒಂದು ದಿನ ನಾನು ಗಮನಿಸಿ ನೋಡಿದೆ. ಬೆಳಿಗ್ಗೆ ಒಂದು 500ರ ಕಟ್ಟಿನ ಮೇಲೆ ಯಾರೋ ಹಸಿರು ಇಂಕಿನಲ್ಲಿ ಗುರುತು ಹಾಕಿದ್ದರು. ಸಂಜೆ ಅದೇ ಕಟ್ಟು ಬೇರೊಬ್ಬ ರೈತನ ಕೈಯಲ್ಲಿ ಕೌಂಟರಿಗೆ ಬಂತು.

ಹೀಗೆ ಪುಸ್ತಕದಲ್ಲಿ ವಸೂಲಿ ಶೇ. 90ರ ಹತ್ತಿರ ಕಾಣುತ್ತದೆ. ನಿಜವಾಗಿ ಬೆಳೆಯಿಂದ ಬಂದು ಕಟ್ಟಿದ ದುಡ್ಡು ಎಷ್ಟು ಅಂತ ಕೇಳಿದರೆ ಕಾರ್ಯದರ್ಶಿ ನಕ್ಕರು. "ಸಾರ್, ಲೆಕ್ಕ ಮಾರ್ಚಿಗೆ ಮುಗೀತತಿ. ಜೀವನ ಮುಗಿಯಲ್ಲ ನೋಡ್ರಿ."

ಬರದ ವರ್ಷ ಆ ಬೈಕಿನವರೂ ಕಡಿಮೆ ಜನಕ್ಕೆ ಕೊಟ್ಟರು. ಅವರಿಗೂ ಹೆದರಿಕೆ. ಅಲ್ಲಿಗೆ ಪುಸ್ತಕದ ವಸೂಲಿಯೂ ಕುಸಿಯಿತು. ಬೆಳೆ ಹಾಳಾದ ಕಡೆ ಅಲ್ಪಾವಧಿ ಸಾಲವನ್ನು ಮಧ್ಯಮಾವಧಿಗೆ ಬದಲಾಯಿಸಿ ಕಂತು ಮುಂದೂಡುವ ದಾರಿ ಇದೆ, ಅದನ್ನು ಅರ್ಹರಿಗೆಲ್ಲ ಮಾಡಿಕೊಟ್ಟೆವು. ಸಾಲಗಾರ ಉಸಿರಾಡಿದ. ಠೇವಣಿದಾರನಿಗೆ ಅದರಿಂದ ಒಂದು ರೂಪಾಯಿಯೂ ಹುಟ್ಟಲಿಲ್ಲ.

ಹೇಳಬೇಕಾ, ಮುಚ್ಚಿಡಬೇಕಾ

ಫೆಬ್ರವರಿ ಕೊನೆಗೆ ಮಂಡಳಿ ಸಭೆ. ಸಂಜೆ ಆರಕ್ಕೆ ಶುರುವಾದದ್ದು ರಾತ್ರಿ ಹತ್ತಾದರೂ ಮುಗಿಯಲಿಲ್ಲ. ಮಂಡಕ್ಕಿ ಮಿರ್ಚಿ ಎರಡು ಸಲ ತರಿಸಿದೆವು. ನಾನು ಎರಡು ಹಾಳೆಯನ್ನೂ ಮೇಜಿನ ಮೇಲೆ ಇಟ್ಟೆ. ಅಧ್ಯಕ್ಷರು ಹಳೆಯ ಮಂಡಳಿಯಿಂದ ಮುಂದುವರಿದವರು, ಒಳ್ಳೆ ಮನುಷ್ಯರು, ಆದರೆ ಮುಖ ಕಪ್ಪಿಟ್ಟಿತು.

"ಇದನ್ನ ಹೊರಗೆ ಹೇಳಿದ್ರೆ ನಾಳೆ ಬೆಳಿಗ್ಗೆ ಬಾಗಿಲಿಗೆ ಸಾಲು ನಿಲ್ತಾರ್ರಿ. ನೀವು ದಾವಣಗೆರಿಗೆ ಹೋಗ್ತೀರಿ, ಕಲ್ಲು ನಮ್ಮನಿಗೆ ಬೀಳ್ತವೆ."

ಅವರ ಮಾತಿನಲ್ಲಿ ಹುರುಳಿತ್ತು. ನಾನು ಮೊದಲು ಹೇಳಿದ ಅಪಾಯ ಇದೇ. ಜನ ಇದನ್ನು ಬ್ಯಾಂಕ್ ಅಂದುಕೊಂಡಿದ್ದಾರೆ, ಸರ್ಕಾರದ್ದೇ ಅಲ್ವಾ ಅಂತಾರೆ. ಬ್ಯಾಂಕಿನಲ್ಲಾದರೆ, ಸಹಕಾರಿ ಬ್ಯಾಂಕಾದರೂ ಸರಿ, ಒಬ್ಬೊಬ್ಬರಿಗೆ 5 ಲಕ್ಷದವರೆಗೆ ಠೇವಣಿ ವಿಮೆ ಇರುತ್ತದೆ. ಪ್ರಾಥಮಿಕ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಇಲ್ಲಿ ಠೇವಣಿಗೆ ಕಾವಲು ಅಂದರೆ ಸಾಲಗಾರ ಕಟ್ಟುವುದು, ಆಪದ್ಧನ, ಮಂಡಳಿಯ ಎಚ್ಚರ, ಅಷ್ಟೆ.

ಕೊನೆಗೆ ಒಂದು ನಡುದಾರಿ ಹಿಡಿದೆವು. ಮೊದಲು ದೊಡ್ಡ ಠೇವಣಿಯ ಹದಿನೈದು ಮನೆಗಳಿಗೆ ಹೋಗೋದು, ಇರೋದನ್ನು ಇದ್ದ ಹಾಗೆ ಹೇಳೋದು, ಅರ್ಧ ಈಗ ತಗೊಳ್ಳಿ, ಅರ್ಧ ಮುಂದುವರಿಸಿ ಅಂತ ಕೇಳೋದು. ಆಮೇಲೆ ವಿಶೇಷ ಮಹಾಸಭೆ ಕರೆಯೋದು. ಸಣ್ಣ ಬಾಂಡಿನವರಿಗೆ, ಮದುವೆ ಆಸ್ಪತ್ರೆ ಇದ್ದವರಿಗೆ ಮೊದಲು ಕೊಡೋದು.

ಮೊದಲ ಮನೆಯಲ್ಲೇ ಪಾಠ ಆಯಿತು. ನಿವೃತ್ತ ಮೇಷ್ಟ್ರು. 6 ಲಕ್ಷ ಇಟ್ಟಿದ್ದರು. ಚಹಾ ಕೊಟ್ಟರು, ಎಲ್ಲಾ ಕೇಳಿದರು. ಆಮೇಲೆ ಒಂದೇ ಪ್ರಶ್ನೆ: "ಅಧ್ಯಕ್ಷರ ತಮ್ಮನ ಸಾಲ ಎಷ್ಟೈತಿ?"

ಅಧ್ಯಕ್ಷರು ಪಕ್ಕದಲ್ಲೇ ಕೂತಿದ್ದರು. ಯಾರೂ ಮಾತಾಡಲಿಲ್ಲ. ಫ್ಯಾನ್ ಸದ್ದು ಮಾತ್ರ. ನಂತರ ಅಧ್ಯಕ್ಷರೇ ಹೇಳಿದರು, "ನಾಲ್ಕೂವರೆ ಲಕ್ಷ, ಮೇಷ್ಟ್ರೇ. ಎರಡು ವರ್ಷದಿಂದ ಸುಸ್ತಿ."

"ಅದು ಕಟ್ಟಿದ ರಸೀದಿ ತಂದು ತೋರ್ಸ್ರಿ. ನಾನು ಆರು ಲಕ್ಷನೂ ಇಡ್ತೀನಿ."

ಉಳಿದ ಹದಿನಾಲ್ಕು ಮನೆಗೆ ಹೋಗುವುದನ್ನು ಅಲ್ಲಿಗೇ ನಿಲ್ಲಿಸಿ ವಾಪಸ್ ಬಂದೆವು. ಲೆಕ್ಕ ತೆಗೆದರೆ ಹಾಲಿ, ಮಾಜಿ ನಿರ್ದೇಶಕರು ಮತ್ತು ಅವರ ಹತ್ತಿರದವರ ಹೆಸರಲ್ಲೇ 14 ಲಕ್ಷ ಜಾಮೀನು ಸಾಲ ಸುಸ್ತಿಯಾಗಿತ್ತು. ಸುಸ್ತಿದಾರ ಮಂಡಳಿಯಲ್ಲಿ ಇರುವಂತಿಲ್ಲ, ಅನರ್ಹತೆಯ ನಿಯಮ ಕಾಯ್ದೆಯಲ್ಲೇ ಇದೆ. ಸಾಲವನ್ನು ಸ್ವಂತ ಹೆಸರಲ್ಲಿ ಇಟ್ಟುಕೊಳ್ಳದೆ ತಮ್ಮ, ಅಳಿಯ, ಭಾವಮೈದನ ಹೆಸರಲ್ಲಿ ಇಟ್ಟರೆ ನಿಯಮಕ್ಕೆ ಸಿಗಲ್ಲ. ಊರಿಗೆ ಸಿಗುತ್ತೆ.

ನನ್ನ ಲೆಕ್ಕದಲ್ಲಿ ಈ ಇಡೀ ಪ್ರಕರಣ ತಿರುಗಿದ್ದು ಆ ಚಹಾದ ಮೇಲೆ. ಅಧ್ಯಕ್ಷರು ತಮ್ಮನ ಹತ್ತಿರ ಜಗಳ ಆಡಿದರು, ಇದ್ದ ಟ್ರ್ಯಾಕ್ಟರ್ ಮಾರಿಸಿದರು. ಅವರ ಮನೆಯಲ್ಲಿ ಇವತ್ತಿಗೂ ಮಾತಿಲ್ಲ. ಇನ್ನೊಬ್ಬ ನಿರ್ದೇಶಕರು ಹೆಂಡತಿಯ ಬಂಗಾರ ಅಡವಿಟ್ಟು ಅಳಿಯನ ಸಾಲ ತೀರಿಸಿದರು. ಅಡವಿಟ್ಟಿದ್ದು ಬೇರೆ ಕಡೆ, ನಮ್ಮ ಸೊಸೈಟಿಯಲ್ಲಿ ಅಲ್ಲ, ಯಾಕಂದ್ರೆ ನಮ್ಮಲ್ಲಿ ಕೊಡೋಕೆ ದುಡ್ಡೇ ಇರಲಿಲ್ಲ! ಇಪ್ಪತ್ತು ದಿನದಲ್ಲಿ 14 ಲಕ್ಷವೂ ಬಂತು. ರಸೀದಿಗಳ ಜೆರಾಕ್ಸ್ ತಗೊಂಡು ಹದಿನೈದು ಮನೆಗೂ ಹೋದೆವು.

ದುಡ್ಡು ಹೊಂದಿಸಿದ ಬಗೆ

ಮೇ ತಿಂಗಳವರೆಗೆ ಮಾಗುವ 1 ಕೋಟಿ 5 ಲಕ್ಷದಲ್ಲಿ 60 ಲಕ್ಷ ಮುಂದುವರಿಯಿತು. 45 ಲಕ್ಷ ಕೊಡಬೇಕಾಯಿತು. ಅದು ಬಂದದ್ದು ಹೀಗೆ: ನಿರ್ದೇಶಕರ ಕಡೆಯ 14 ಲಕ್ಷ. ಗೊಬ್ಬರದ ಉದ್ರಿ ವಸೂಲಿ 11 ಲಕ್ಷ. ಡಿಸಿಸಿ ಬ್ಯಾಂಕಿನಲ್ಲಿದ್ದ ನಮ್ಮ 20 ಲಕ್ಷ ಠೇವಣಿಯ ಮೇಲೆ ತೆಗೆದ ಸಾಲ 15 ಲಕ್ಷ. ಕೈಯಲ್ಲಿದ್ದ ದುಡ್ಡಿನಲ್ಲಿ 5 ಲಕ್ಷ. ಅಜ್ಜಿಗೆ ಮಾರ್ಚ್ ಎರಡನೇ ವಾರ ಪೂರ್ತಿ ಕೊಟ್ಟೆವು. ಎಣಿಸಿಕೊಂಡರು, ಮತ್ತೆ ಎಣಿಸಿದರು, ಏನೂ ಅನ್ನದೆ ಹೋದರು.

ವಿಶೇಷ ಮಹಾಸಭೆಯಲ್ಲಿ ಕೂಗಾಟ ಆಯಿತು, ಒಂದು ಕುರ್ಚಿ ಮುರಿಯಿತು. ಬಾಗಿಲಿಗೆ ಸಾಲು ನಿಲ್ಲಲಿಲ್ಲ. ಕಟ್ಟಡಕ್ಕೆ ಕೈ ಎತ್ತಿದವರು ನೀವೇ ಅಲ್ವಾ ಅಂತ ಒಬ್ಬರು ಕೇಳಿದಾಗ ಸಭೆ ತಣ್ಣಗಾಯಿತು. 2021ರ ನಡಾವಳಿಯಲ್ಲಿ 212 ಸಹಿ ಇತ್ತು.

ಮಳಿಗೆಗಳ ಬಾಡಿಗೆ ಇಳಿಸಿದೆವು, ಮುಂಗಡ ಕೇಳುವುದನ್ನು ಬಿಟ್ಟೆವು. ಇನ್ನೂ ಎರಡು ತುಂಬಿದವು. ಒಂದರಲ್ಲಿ ನಮ್ಮದೇ ಗೊಬ್ಬರ ಇಟ್ಟು, ಅಲ್ಲಿವರೆಗೆ ಗೋಡೌನಿಗೆ ಹೊರಗೆ ಕೊಡುತ್ತಿದ್ದ ಬಾಡಿಗೆ ಉಳಿಸಿದೆವು. ಸಭಾಭವನ ಈಗಲೂ ವರ್ಷಕ್ಕೆ ಏಳೆಂಟು ಮದುವೆಗೆ ಹೋಗುತ್ತದೆ, ಅಷ್ಟೇ.

ಒಂದು ಪ್ರಯತ್ನ ಪೂರ್ತಿ ಸೋತಿತು, ಅದನ್ನೂ ಬರೆಯಬೇಕು. 2024ರಲ್ಲಿ ಮಳೆ ಚೆನ್ನಾಗಿ ಆಯಿತು. ಮೆಕ್ಕೆಜೋಳಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 2,225 ರೂಪಾಯಿ ಇತ್ತು. ಸದಸ್ಯರ ಜೋಳವನ್ನು ಸೊಸೈಟಿಯೇ ಒಟ್ಟು ಮಾಡಿ ದಾವಣಗೆರೆ ಎಪಿಎಂಸಿಗೆ ಒಯ್ದು ಮಾರೋಣ, ಸಾಲದ ಕಂತು ಅಲ್ಲೇ ಮುರಿದುಕೊಳ್ಳೋಣ ಅಂತ ನಾನೇ ಉತ್ಸಾಹದಿಂದ ಹೇಳಿದ್ದು. ಎರಡು ಲಾರಿ ಲೋಡು ಬಂತು, ಮೂರನೆಯದು ಬರಲಿಲ್ಲ. ಕಾರಣ ಕೇಳಿದರೆ ಬಿತ್ತನೆ ಬೀಜಕ್ಕೆ, ಕಳೆ ಔಷಧಿಗೆ, ಮಗನ ಫೀಸಿಗೆ ದಲಾಲರು ಜೂನಿನಲ್ಲೇ ಮುಂಗಡ ಕೊಟ್ಟಿದ್ದರು. ಸೊಸೈಟಿ ಬಾಗಿಲು ತೆರೆಯೋದು ಹತ್ತೂವರೆಗೆ. ದಲಾಲರು ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುತ್ತಾರೆ. ಅವರ ಬಡ್ಡಿ ಬಗ್ಗೆ ಭಾಷಣ ಮಾಡೋದು ಸುಲಭ, ಆ ಹೊತ್ತಿನ ದುಡ್ಡು ಯಾರು ಕೊಡ್ತಾರೆ? ಎರಡು ಲಾರಿಯ ಹಮಾಲಿ, ತೂಕ, ಸಾಗಣೆ ಕಳೆದರೆ ಸೊಸೈಟಿಗೆ ನಷ್ಟವೇ ಆಯಿತು. ಮುಂದಿನ ವರ್ಷ ಬಿಟ್ಟುಬಿಟ್ಟೆವು.

ಕೆಲಸ ಮಾಡಿದ್ದು ಬೇರೆ, ಸಣ್ಣ ವಿಷಯ. ಮಳೆ ನಂಬದ ದುಡ್ಡನ್ನು ಹುಡುಕಿದ್ದು. ನಮ್ಮೂರಲ್ಲಿ ಶಿವಮೊಗ್ಗ ಹಾಲು ಒಕ್ಕೂಟ ಶಿಮುಲ್‌ಗೆ ಹಾಲು ಹಾಕುವ ಮನೆಗಳಿವೆ. ಹಾಲಿನ ಬಟವಾಡೆ ಆದ ದಿನ ಪಿಗ್ಮಿಯವನನ್ನು ಡೈರಿ ಮುಂದೆ ಕೂರಿಸಿದೆವು. ಗೃಹಲಕ್ಷ್ಮಿಯ 2,000 ಬರುವ ಹೆಂಗಸರಿಗೆ ತಿಂಗಳಿಗೆ 500 ರೂಪಾಯಿ ಕಟ್ಟುತ್ತಾ ಹೋಗುವ ಆರ್‌ಡಿ ಶುರು ಮಾಡಿದೆವು. ನೂರಾ ಹತ್ತು ಜನ ಸೇರಿದರು. ಗೃಹಲಕ್ಷ್ಮಿ ಕಂತು ತಡವಾದ ತಿಂಗಳು ಆರ್‌ಡಿಯೂ ತಡ, ಅದು ಬೇರೆ ಮಾತು. ತಿಂಗಳಿಗೆ 55,000 ಅಂದರೆ ದೊಡ್ಡದಲ್ಲ, ಆದರೆ ಅದು ಮೋಡ ನೋಡಿಕೊಂಡು ಬರುವ ದುಡ್ಡಲ್ಲ.

ಬಾಂಡುಗಳನ್ನೂ ಬಿಡಿಸಿ ಹರಡಿದೆವು. ಎಲ್ಲರಿಗೂ ಒಂದು ವರ್ಷ ಅನ್ನುವ ಬದಲು 13 ತಿಂಗಳು, 15 ತಿಂಗಳು, 18 ತಿಂಗಳು. 18ಕ್ಕೆ ಕಾಲು ಪರ್ಸೆಂಟ್ ಜಾಸ್ತಿ ಬಡ್ಡಿ. ಎಲ್ಲಾ ಬಾಂಡೂ ಜನವರಿಯಲ್ಲೇ ಮಾಗಬಾರದು. ಮುಂದಿನ ಮೂರು ತಿಂಗಳಲ್ಲಿ ಎಷ್ಟು ವಾಪಸ್ ಕೊಡಬೇಕಾಗುತ್ತೆ ಅಂತ ಒಂದು ಬಿಳಿ ಹಲಗೆ ಮೇಲೆ ಬರೆದು ಮಂಡಳಿ ಕೋಣೆಯಲ್ಲಿ ತೂಗುಹಾಕಿದ್ದೇವೆ. ಒಟ್ಟು ಠೇವಣಿಯ ಕಾಲು ಭಾಗ ಯಾವತ್ತೂ ಕರೆದಾಗ ಬರುವ ಜಾಗದಲ್ಲಿ ಇರಬೇಕು ಅಂತ ಠರಾವು ಆಯಿತು. ಠೇವಣಿ ದುಡ್ಡಲ್ಲಿ ಇಟ್ಟಿಗೆ ಕೊಳ್ಳುವಂತಿಲ್ಲ ಅಂತಲೂ ಇನ್ನೊಂದು.

ಇದಕ್ಕೆ ಬೆಲೆ ಇದೆ. 45-50 ಲಕ್ಷ ಡಿಸಿಸಿ ಬ್ಯಾಂಕಿನಲ್ಲಿ ಶೇ. 6ಕ್ಕೆ ಮಲಗಿರುತ್ತದೆ. ಅದೇ ದುಡ್ಡನ್ನು ಜಾಮೀನಿಗೆ ಕೊಟ್ಟರೆ ಪುಸ್ತಕದಲ್ಲಿ 14. ನೂರಕ್ಕೆ ಎಂಟರ ವ್ಯತ್ಯಾಸ, 45 ಲಕ್ಷಕ್ಕೆ ವರ್ಷಕ್ಕೆ 3 ಲಕ್ಷ 60 ಸಾವಿರ. "ದುಡ್ಡು ಸುಮ್ನೆ ಮಲಗಿಸೀರಿ, ಲಾಭ ಎಲ್ಲಿಂದ ಬರ್ಬೇಕು?" ಅಂತ ಒಬ್ಬ ನಿರ್ದೇಶಕರು ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಅವರ ಗಣಿತ ತಪ್ಪಲ್ಲ. ಆದರೆ ಆ 14 ಬಂದರೆ ತಾನೇ 14?

ಡಿವಿಡೆಂಡ್ ವಿಷಯಕ್ಕೆ ಬಂದರೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲ್ಲ. ನಮ್ಮಲ್ಲಿ ಸಣ್ಣ ರೈತರ ಷೇರು ಹೆಚ್ಚಿನಂಶ 1,000ದಿಂದ 3,000. ಶೇ. 10 ಅಂದರೆ 100ರಿಂದ 300 ರೂಪಾಯಿ. ಸಂಸಾರ ಸಮೇತ ದಾವಣಗೆರೆಗೆ ಹೋಗಿ ಬೆಣ್ಣೆ ದೋಸೆ ತಿಂದರೆ ಮುಗೀತು. ಅದೇ ಸದಸ್ಯನಿಗೆ ಜೂನ್ ಮೊದಲ ವಾರ ಯೂರಿಯಾ, ಡಿಎಪಿ ಸಿಕ್ಕರೆ, ಸಾಲ ಹತ್ತು ದಿನ ಮೊದಲು ಬಿದ್ದರೆ, ಬೈಕಿನವರ 2,000 ಉಳಿದರೆ, ಅದು ಎಷ್ಟೋ ಜಾಸ್ತಿ. ಡಿವಿಡೆಂಡ್ ಜಾಸ್ತಿ ಬೇಕು ಅನ್ನೋರು ದೊಡ್ಡ ಷೇರಿನವರು, ಅವರು ಮಹಾಸಭೆಯಲ್ಲಿ ಮುಂದಿನ ಸಾಲಲ್ಲಿ ಕೂರ್ತಾರೆ. ಮತ ಮಾತ್ರ ಎಲ್ಲರಿಗೂ ಒಂದೇ.

ಬೈಕಿನವರಿಗೆ ಪರ್ಯಾಯ ಅಂತ ಒಂದು ಸಣ್ಣ ಏರ್ಪಾಡು ಮಾಡಿದೆವು. ಅಕ್ಟೋಬರ್, ನವೆಂಬರ್, ಡಿಸೆಂಬರಿನಲ್ಲಿ ಬೆಳೆ ಮಾರಿದ ಹಾಗೆ ಬೆಳೆಸಾಲಕ್ಕೆ ಅಂತಲೇ ಒಂದು ಉಳಿತಾಯ ಖಾತೆಗೆ ಹಾಕುತ್ತಾ ಬರುವುದು, ಅದಕ್ಕೆ ಬಡ್ಡಿ ಕೊಡುವುದು, ಮಾರ್ಚಿನಲ್ಲಿ ಅಲ್ಲಿಂದಲೇ ಸಾಲಕ್ಕೆ ಜಮಾ ಮಾಡುವುದು. ಮೊದಲ ವರ್ಷ 70 ಜನ ಮಾಡಿದರು. 2025ರ ಮಾರ್ಚ್ ಕೊನೆಯ ವಾರವೂ ಬೇವಿನಮರದ ಕೆಳಗೆ ಆ ಬೈಕ್ ಇತ್ತು. ಇಲ್ಲದೇ ಇರುತ್ತೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಕಂಪ್ಯೂಟರ್ ಬಗ್ಗೆ ಒಂದು ಮಾತು. ಕೇಂದ್ರ ಸರ್ಕಾರ 2022ರಲ್ಲಿ 63,000 ಪ್ರಾಥಮಿಕ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ 2,516 ಕೋಟಿ ರೂಪಾಯಿ ಒಪ್ಪಿತು. ಅದರಲ್ಲಿ ನಮಗೂ ಬಂತು. ಹಳೆ ಖತಾವಣಿಯಿಂದ (ಲೆಡ್ಜರ್ ಪುಸ್ತಕದಿಂದ) ಎಂಟ್ರಿ ಮಾಡುವಾಗ ಕಾರ್ಯದರ್ಶಿಯ ಕಣ್ಣು ಕೆಂಪಾದವು, ತಿಂಗಳುಗಟ್ಟಲೆ ರಾತ್ರಿ ಕೂತರು. ಆದರೆ ಸುಸ್ತಿ ಪಟ್ಟಿ ಈಗ ಒಂದು ಗುಂಡಿ ಒತ್ತಿದರೆ ಬರುತ್ತದೆ. ಪುಸ್ತಕದ ಕಾಲದಲ್ಲಿ ಪಟ್ಟಿ ಕೇಳಿದರೆ "ಬರೀತಾ ಇದೀನಿ ಸಾರ್" ಅನ್ನಬಹುದಿತ್ತು.

2025ರ ಮಾರ್ಚಿಗೆ

ಜಾಮೀನು ಸಾಲದ ಸುಸ್ತಿ 50 ಲಕ್ಷದಿಂದ 27ಕ್ಕೆ ಇಳಿದಿದೆ. ಡಿಸಿಸಿ ಬ್ಯಾಂಕಿಗೆ ಠೇವಣಿಯಿಂದ ತುಂಬಿದ್ದ 35 ಲಕ್ಷದ ಅಂತರ 12ಕ್ಕೆ ಬಂದಿದೆ. ಠೇವಣಿಯ ಮೇಲೆ ತೆಗೆದ 15 ಲಕ್ಷ ಸಾಲ ಜನವರಿಯಲ್ಲೇ ತೀರಿತು. ಒಟ್ಟು ಠೇವಣಿ 2 ಕೋಟಿ 25 ಲಕ್ಷದಿಂದ 1 ಕೋಟಿ 90 ಲಕ್ಷಕ್ಕೆ ಇಳಿದಿದೆ, ಹೋದವರೆಲ್ಲ ವಾಪಸ್ ಬಂದಿಲ್ಲ. ಕರೆದಾಗ ಬರುವ ದುಡ್ಡು, ಡಿಸಿಸಿ ಬ್ಯಾಂಕಿನಲ್ಲಿ ಇಟ್ಟದ್ದೂ ಸೇರಿ 48 ಲಕ್ಷ ಇದೆ. 2023-24ಕ್ಕೆ ಡಿವಿಡೆಂಡ್ ಕೊಡಲಿಲ್ಲ, ಡಬ್ಬಿಯೂ ಇಲ್ಲ. ಬಾರದ ಬಡ್ಡಿಯನ್ನು ಆದಾಯದಿಂದ ತೆಗೆದು ಆ ವರ್ಷ ನಷ್ಟ ಅಂತಲೇ ಬರೆದೆವು. ವಸೂಲಾಗದ ಆರು ಸಾಲಗಳಿಗೆ ಕಾಯ್ದೆಯ 70ನೇ ಕಲಮಿನಡಿ ದಾವೆ ಹಾಕಿದ್ದೇವೆ. ಆರರಲ್ಲಿ ಇಬ್ಬರು ನನ್ನ ಜೊತೆ ಶಾಲೆಗೆ ಹೋದವರು. ಊರಿಗೆ ಹೋದಾಗ ಒಬ್ಬ ಮಾತಾಡಿಸುತ್ತಾನೆ, ಇನ್ನೊಬ್ಬ ಇಲ್ಲ.

2025ರ ಸೆಪ್ಟೆಂಬರಿನ ಮಹಾಸಭೆಯಲ್ಲಿ ಶೇ. 4 ಡಿವಿಡೆಂಡ್ ಅಂತ ಇಟ್ಟೆವು. ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಆಡಿಟ್ ವರದಿಯನ್ನು ಓದಿದೆ ಎಂದು ಭಾವಿಸಬೇಡಿ, ಓದಿ ಅಂದರು. ಕಾರ್ಯದರ್ಶಿ ಪೂರ್ತಿ ಓದಿದರು, ನಲವತ್ತು ನಿಮಿಷ ಹಿಡಿಯಿತು. ಅರ್ಧಕ್ಕೇ ಕೆಲವರು ಎದ್ದು ಊಟದ ಪಂಕ್ತಿಗೆ ಹೋದರು. ನಿವೃತ್ತ ಮೇಷ್ಟ್ರು ಮಾತ್ರ ಒಂದು ಕಾಗದದಲ್ಲಿ ಏನೋ ಗುರುತು ಹಾಕಿಕೊಳ್ಳುತ್ತಾ ಕೊನೆಯವರೆಗೂ ಕೂತಿದ್ದರು. ಮುಗಿದ ಮೇಲೆ ಕೈ ಎತ್ತಿ ಕೇಳಿದರು: "27 ಲಕ್ಷದ ಸುಸ್ತಿ ಅಂದ್ರಿ. ಹೆಸರು ಓದ್ರಿ."